ಅತ್ತೆಯ ಚಾಪೆಯಡಿ ಸಿಕ್ಕ ಕೊಳವೆ

"ಬಾಯ್ ಮುಚ್ಚು! ನಿನ್ನ ದವಡೆ ನೋಡಿದ್ರೇ ಸಾಕು, ಈ ಕೊಳವೆ ಕಚ್ಚಿದ್ದು ನೀನೇ ಅಂತ ಕುರುಡನೂ ಹೇಳ್ತಾನೆ!"

"ದವಡೆ ಸುದ್ದಿಗೆ ಬರಬೇಡ ಅಚೋಮ್! ದವಡೆ ನಮ್ಮಪ್ಪ ಕೊಟ್ಟಿದ್ದು. ಕೊಳವೆ ನಂದಲ್ಲ!"

"ನಿಂದಲ್ವಾ? ಹಂಗಾದ್ರೆ ನಿಂದು ಎಲ್ಲಿ? ತೋರ್ಸು, ಎಲ್ರಿಗೂ ತೋರ್ಸು!"

ತೋರಿಸಲು ಎಜೋಕುವಿನ ಹತ್ತಿರ ಕೊಳವೆ ಇರಲಿಲ್ಲ. ಮೊನ್ನೆ ಸಂಜೆಯಿಂದ ಅದು ಕಾಣೆಯಾಗಿತ್ತು.

ಆ ಊರಿನ ಗಂಡಸಿಗೆ ಹೆಂಡತಿ, ಸೈಕಲ್ಲು, ಹೀರುಗೊಳವೆ ಈ ಮೂರೂ ಸ್ವಂತದ್ದಾಗಿರಬೇಕು. ಹೆಂಡ ಮಾರುವ ಗೆರ್ಟ್ರೂಡಳ ಅಂಗಳದಲ್ಲಿ ರಾಗಿ ಹೆಂಡದ ಗಡಿಗೆ ನಡುವೆ ಕೂತಿರುತ್ತದೆ, ಸುತ್ತ ಹತ್ತು ಹನ್ನೆರಡು ಜನ ತಮ್ಮ ತಮ್ಮ ಉದ್ದನೆಯ ಕೊಳವೆ ಇಳಿಬಿಟ್ಟುಕೊಂಡು ಕೂತಿರುತ್ತಾರೆ. ಮಾತು ಬಿಸಿಯಾದಾಗ ಕೊಳವೆಯ ತುದಿ ಕಚ್ಚುತ್ತಾರೆ. ವರ್ಷ ಕಳೆಯುವುದರೊಳಗೆ ತುದಿಯ ಮೇಲೆ ಯಜಮಾನನ ಹಲ್ಲು ಅಚ್ಚೊತ್ತಿದ ಹಾಗೆ ಕೂತಿರುತ್ತದೆ. ಒಬ್ಬನ ಕೊಳವೆಗೆ ಇನ್ನೊಬ್ಬ ಬಾಯಿ ಇಡುವುದಿಲ್ಲ. ಗಂಡು ಹೆಣ್ಣು ಒಂದೇ ಕೊಳವೆ ಹೀರಿದರೆ ಗಂಡ ಹೆಂಡಿರೆಂದೇ ಅರ್ಥ.

ಈಗ ಅಚೋಮ್ ಬಾವುಟದ ಕೋಲಿನಂತೆ ಎತ್ತಿ ಹಿಡಿದಿದ್ದ ಕೊಳವೆ ಸಿಕ್ಕಿದ್ದು ಎಜೋಕುವಿನ ಅತ್ತೆಯ ಚಾಪೆಯ ಕೆಳಗೆ.

ಅತ್ತೆ ಅಕುರುಟ್ ಮೊಮ್ಮಗು ನೋಡಲು ಬಂದು ಎಂಟು ದಿನವಾಗಿತ್ತು. ಅಳಿಯನ ಮನೆಯಲ್ಲಿ ಅತ್ತೆ ಉಳಿಯುವಂತಿಲ್ಲ, ಹಾಗಾಗಿ ಪಕ್ಕದ ಅಚೋಮಳ ಗುಡಿಸಲಿನಲ್ಲಿ ಇಳಿದಿದ್ದಳು. ಅತ್ತೆ ದಾರಿಯಲ್ಲಿ ಎದುರಾದರೆ ಅಳಿಯ ಜೋಳದ ಹೊಲಕ್ಕೆ ಹಾರಿ ಅಡಗಬೇಕು. ಒಂದೇ ಗಡಿಗೆಯ ಮುಂದೆ ಇಬ್ಬರೂ ಕೂರುವಂತಿಲ್ಲ. ಇನ್ನು ಒಂದೇ ಕೊಳವೆಗೆ ಬಾಯಿ ಇಟ್ಟರು ಎಂದರೆ ಕೇಳುವುದೇ ಬೇಡ. ಹೆಂಡತಿ ಅಂದೇ ತಾಯಿಯ ಜೊತೆ ತವರಿಗೆ ಹೊರಡಬೇಕು. ಅಳಿಯ ಒಂದು ಹೋರಿ ಕೊಯ್ದು ಮೈಲಿಗೆ ಕಳೆಯುವ ತನಕ ಅವಳು ವಾಪಸು ಬರುವಂತಿಲ್ಲ. ಎಜೋಕು ಸೈಕಲ್ ರಿಪೇರಿಯವನು. ಅವನ ಹತ್ತಿರ ಇದ್ದದ್ದು ಒಂದು ಹುಂಜ, ಅದಕ್ಕೂ ಒಂದು ಕಣ್ಣಿಲ್ಲ.

"ನೋಡ್ರೀ ಎಲ್ಲಾ! ಕಪ್ಪು ಟ್ಯೂಬು ಸುತ್ತಿದಾನೆ. ಸೈಕಲ್ ಟ್ಯೂಬು! ಊರಲ್ಲಿ ಸೈಕಲ್ ರಿಪೇರಿ ಯಾರು ಮಾಡೋದು? ನಾನಾ?" ಎಂದು ಅಚೋಮ್ ಕಿರುಚಿದಳು.

"ಅರ್ಧ ಊರಿನ ಕೊಳವೆಗೆ ನಾನೇ ಟ್ಯೂಬು ಸುತ್ತಿದೀನಿ. ಬಿರುಕು ಬಿಟ್ರೆ ಎಲ್ಲಾ ನನ್ನ ಹತ್ರಾನೇ ತರ್ತಾರೆ!"

"ಯಾರ್ಯಾರಿಗೆ ಸುತ್ತಿದೀಯಾ, ಹೇಳು."

"ನೆನಪಿರುತ್ತಾ? ನೀನು ಹೋದ ತಿಂಗಳು ಯಾರ್ಯಾರ ಮನೆ ಜಗಳದಲ್ಲಿ ತಲೆ ಹಾಕಿದೆ ಅಂತ ನಿಂಗೆ ನೆನಪಿದೆಯಾ?"

ಜನ ನಕ್ಕರು. ಎಜೋಕು ಮಾತ್ರ ನಗಲಿಲ್ಲ. ಮೊನ್ನೆ ಅವನು ಮಗುವಿನ ಖುಷಿಗೆ ಕಂಠಪೂರ್ತಿ ಕುಡಿದಿದ್ದ. ಕೊಳವೆ ಎಲ್ಲಿ ಬಿಟ್ಟೆ, ಯಾವ ದಾರಿಯಲ್ಲಿ ಮನೆಗೆ ಹೋದೆ, ಒಂದೂ ನೆನಪಿಗೆ ಬರುತ್ತಿರಲಿಲ್ಲ. ಬೇಲಿಯ ಮೇಲೆ ಬಿಟ್ಟಿದ್ದರೆ? ಅತ್ತೆ ಯಾರದ್ದೋ ಅಂದುಕೊಂಡು ತೆಗೆದುಕೊಂಡು ಹೋಗಿದ್ದರೆ? ಟ್ಯೂಬು ಸುತ್ತಿದ ಕೊಳವೆಗಳೆಲ್ಲ ನೋಡಲು ಒಂದೇ ಥರ, ಹಾಗಾಗಿ ತನ್ನ ಪರವಾಗಿ ಜಗಳವಾಡುತ್ತಿದ್ದರೂ ಅವನಿಗೆ ತನ್ನ ಮೇಲೇ ನಂಬಿಕೆಯಿರಲಿಲ್ಲ.

ಅಷ್ಟರಲ್ಲಿ ಗ್ರಾಮ ಸಮಿತಿಯ ಚೇರ್ಮನ್ ಒಮಗೋರ್ ಬಂದ. ಅರವತ್ತರ ಆಸುಪಾಸಿನ ಗಟ್ಟಿ ಆಳು, ತಲೆಗೆ ಟೋಪಿ, ಜೇಬಿನಲ್ಲಿ ಸದಾ ಸಮಿತಿಯ ಸೀಲು. ಆ ಸೀಲು ಬೀಳದೆ ಊರಲ್ಲಿ ಕೋಳಿಯೂ ಮೊಟ್ಟೆಯಿಡುವುದಿಲ್ಲ ಎಂದು ಜನ ಆಡಿಕೊಳ್ಳುತ್ತಿದ್ದರು. ಮೇಕೆ ಕಳ್ಳತನದ ವಿಚಾರಣೆಯನ್ನು ನಾಲ್ಕು ದಿನ ಎಳೆಯುವ ಮನುಷ್ಯ, ಆವತ್ತು ನಿಂತ ಕಾಲಲ್ಲೇ ತೀರ್ಪು ಕೊಟ್ಟ.

"ಇದರಲ್ಲಿ ವಿಚಾರಣೆ ಏನಿದೆ? ಟ್ಯೂಬು ಅವನದ್ದು, ಕೊಳವೆ ಅವನದ್ದು. ಹೋರಿ ತರಲಿ. ಮುಗೀತು, ಏಳಿ."

"ಚೇರ್ಮನ್ರೇ, ನನ್ನ ಮಾತೂ ಒಂದು..."

"ಹೋರಿ ಮಾತಾಡ್ಲಿ ಸಾಕು."

ಗಡಿಗೆಯ ಪಕ್ಕ ಕೂತಿದ್ದ ಎಸಾಬು ಅಜ್ಜ ಮಾತ್ರ ಕೊಳವೆಯಿಂದ ಬಾಯಿ ತೆಗೆದ. ಊರಿಗೆಲ್ಲ ಹಿರಿಯ ಅವನು. ಹಳೇ ಪದ್ಧತಿಯಂತೆ ಎಳೆಯ ವಯಸ್ಸಿನಲ್ಲೇ ಕೆಳಗಿನ ಸಾಲಿನ ಮುಂದಿನ ಎರಡು ಹಲ್ಲು ಕೀಳಿಸಿಕೊಂಡವನು. "ಆ ಹೆಂಗಸನ್ನೇ ಕೇಳ್ರಪ್ಪ. ಬಾಯಿ ಇಟ್ಟೋಳಿಗೆ ಗೊತ್ತಿರಲ್ವಾ ಯಾರ ಕೊಳವೆ ಅಂತ?"

ಅಚೋಮ್ ಗುಡಿಸಲಿಗೆ ಓಡಿ, ಓಡಿದಷ್ಟೇ ಬೇಗ ಬಂದಳು. "ಹೇಳ್ತಾರಂತೆ. ಆದ್ರೆ ಅಳಿಯ ಕಿವಿಗೆ ಬೀಳದಷ್ಟು ದೂರ ಹೋಗ್ಬೇಕಂತೆ."

"ಆರೋಪಿ ವಿಚಾರಣೆ ಬಿಟ್ಟು ಹೋದ್ರೆ ತಪ್ಪು ಒಪ್ಪಿಕೊಂಡ ಹಾಗೆ," ಎಂದ ಚೇರ್ಮನ್ ತಟ್ಟನೆ.

"ಹಂಗಾದ್ರೆ ಅಚೋಮ್, ನಿನ್ನ ಕಿವೀಲಿ ಹೇಳ್ಲಿ," ಎಂದ ಅಜ್ಜ.

ಅಚೋಮಳ ಮುಖ ಹುಳ್ಳಗಾಯಿತು. "ಕೇಳ್ದೆ. 'ನಿಂಗೆ ಹೇಳೋದೂ ಒಂದೇ, ಸಂತೇಲಿ ಡಂಗುರ ಹೊಡೆಸೋದೂ ಒಂದೇ' ಅಂದ್ರು."

ಅಲ್ಲಿಗೆ ಬಂಡಿ ಕೆಸರಿನಲ್ಲಿ ಹೂತುಹೋಯಿತು. ಅಳಿಯ ಹೋಗುವಂತಿಲ್ಲ, ಅತ್ತೆ ಬಾಯಿ ಬಿಡುವಂತಿಲ್ಲ. ಅದನ್ನು ಎತ್ತಲು ಬಂದವನು ಹಲ್ಲು ಡಾಕ್ಟರ್ ಒಲಿಂಗ.

ಅವನು ನಿಜವಾದ ಡಾಕ್ಟರನಲ್ಲ, ಜಿಲ್ಲಾ ಆಸ್ಪತ್ರೆಯಲ್ಲಿ ಹಲ್ಲು ಕೀಳುವವನ ಸಹಾಯಕ. ಹದಿನೈದು ದಿನದ ಹಿಂದೆ ರಾಜಧಾನಿ ಕಂಪಾಲಕ್ಕೆ ಹೋಗಿ ಮೂರು ದಿನದ ತರಬೇತಿ ಮುಗಿಸಿಕೊಂಡು ಬಂದಿದ್ದ. ಅಪಘಾತದಲ್ಲಿ ಸತ್ತು ಗುರುತು ಸಿಗದವರನ್ನು ತುಟಿಯ ಗೆರೆ, ಹಲ್ಲು, ದವಡೆ ನೋಡಿ ಇಂಥವರೇ ಎಂದು ಹೇಳುವ ವಿದ್ಯೆ. ಬಂದಾಗಿನಿಂದ ಒಂದು ಭೂತಗನ್ನಡಿ ಜೇಬಿನಲ್ಲಿಟ್ಟುಕೊಂಡು ಕಾಯುತ್ತಿದ್ದ. ಊರವರ ಪುಣ್ಯಕ್ಕೆ ಒಂದು ಬಸ್ಸೂ ಮಗುಚಿರಲಿಲ್ಲ.

"ಮುಟ್ಬೇಡಿ! ಯಾರೂ ಮುಟ್ಬೇಡಿ ಅದನ್ನ!" ಎಂದು ಕೂಗುತ್ತಲೇ ಬಂದು ಅಚೋಮಳ ಕೈಯಿಂದ ಕೊಳವೆ ಕಿತ್ತುಕೊಂಡ. ಭೂತಗನ್ನಡಿ ಹಿಡಿದು ತುದಿ ನೋಡಿದ. "ಅಬ್ಬಬ್ಬಾ! ಹಲ್ಲಿನ ಗುರುತೂ ಇದೆ, ತುಟಿಗೆ ಹಚ್ಚೋ ಬೆಣ್ಣೆಯಲ್ಲಿ ತುಟಿ ಗೆರೇನೂ ಕೂತಿದೆ. ದೇವ್ರೇ ಕಳ್ಸಿದಾನೆ!"

"ಏನು ತುಟಿ ಗೆರೆ?" ಎಂದ ಅಜ್ಜ.

"ಬೇಸಿಗೇಲಿ ಕೆರೆ ಒಣಗಿ ಬಿರುಕು ಬಿಡುತ್ತಲ್ಲ ಅಜ್ಜ, ಒಂದು ಕೆರೆ ಬಿರುಕು ಇನ್ನೊಂದು ಕೆರೆ ಥರ ಇರುತ್ತಾ? ತುಟೀನೂ ಹಂಗೇ. ದವಡೇನೂ ಅಷ್ಟೇ. ಎಜೋಕುಗೆ ಕೆಳದವಡೆ ಮುಂದಿದೆ. ಅವನು ಕಚ್ಚಿದ್ರೆ ಕೆಳಗಿನ ಹಲ್ಲು ಮುಂದೆ ಬೀಳುತ್ತೆ. ನಮ್ಮದೆಲ್ಲಾ ತಿರುಗಾಮುರುಗಾ. ಊರ ಗಂಡಸರದ್ದೆಲ್ಲಾ ಅಚ್ಚು ತಗೊಂಡ್ರೆ ಸಂಜೆಯೊಳಗೆ ಹೇಳ್ತೀನಿ."

"ಬೇಡ!" ಎಂದರು ಇಬ್ಬರು ಒಟ್ಟಿಗೇ. ಒಬ್ಬ ಎಜೋಕು. ಇನ್ನೊಬ್ಬ ಚೇರ್ಮನ್.

ಆದರೆ ಬಿಟ್ಟಿ ತಮಾಷೆ ಬೇಡ ಎನ್ನುವ ಊರು ಭೂಮಿಯ ಮೇಲಿಲ್ಲ. ಆಗಲಿ ಆಗಲಿ ಎಂದು ಜನ ಗದ್ದಲವೆಬ್ಬಿಸಿದರು. ಗೆರ್ಟ್ರೂಡ್ ಹುದುಗಿದ ರಾಗಿ ತುಂಬಿದ್ದ ಎರಡನೇ ಗಡಿಗೆಗೆ ಬಿಸಿನೀರು ಹೊಯ್ದಳು.

ಅಂಗಡಿ ಮುಚ್ಚಿ ಬರುತ್ತೇನೆಂದು ಎಜೋಕು ಅಪ್ಪಣೆ ಕೇಳಿದ. ಅಂಗಡಿ ಎಂದರೆ ಎದುರಿಗೇ, ಚೇರ್ಮನ್ ಮನೆ ಬಾಗಿಲ ಮುಂದಿನ ಹುಣಸೇಮರದ ಬುಡ. ಅಲ್ಲಿ ಕೂತು, ಒಂದು ಸೈಕಲ್ಲಿನ ಗಂಟೆಯನ್ನು ಅಂಗಿಯಿಂದ ತಿಕ್ಕಿ ಅದರಲ್ಲಿ ಮುಖ ನೋಡಿಕೊಂಡ. ದವಡೆ ಮುಂದೇ ಇತ್ತು, ಎತ್ತಿನಗಾಡಿಯ ಮೂಕಿಯ ಹಾಗೆ. ಕಚ್ಚುವ ಹೊತ್ತಿಗೆ ಅದನ್ನು ಸ್ವಲ್ಪ ಹಿಂದೆ ಎಳೆದುಕೊಂಡರೆ ಈ ಒಲಿಂಗನ ಅಪ್ಪನಿಗೂ ಗೊತ್ತಾಗುವುದಿಲ್ಲ ಅಂದುಕೊಂಡ. ಎಳೆದ. ಜಾರಿ ಮುಂದೆ ಬಂತು. ಹೆಬ್ಬೆರಳಿಟ್ಟು ಒತ್ತಿದ. ಬಾಯಿ ಅಗಲಿಸಿ, ಗದ್ದ ಹಿಡಿದು ಬಲವಾಗಿ ಹಿಂದಕ್ಕೆ ತಳ್ಳಿದ.

ಕಟ್ ಎಂದಿತು.

ಆಮೇಲೆ ಬಾಯಿ ಮುಚ್ಚಲಿಲ್ಲ.

ಬಾಯಿ ತೆರೆದುಕೊಂಡೇ, ಜೊಲ್ಲು ಸುರಿಸುತ್ತ, "ಆ... ಆ..." ಎನ್ನುತ್ತ ಅವನು ಅಂಗಳಕ್ಕೆ ಬಂದದ್ದು ನೋಡಿ ಹೆಂಗಸರು ಎದೆ ಹಿಡಿದುಕೊಂಡರು.

"ನೋಡಿದ್ರಾ! ಸತ್ತ ಹಿರೀಕರು ದವಡೆ ಹಿಡ್ಕೊಂಡಿದಾರೆ!" ಎಂದಳು ಅಚೋಮ್. "ಸುಳ್ಳು ಹೇಳೋ ಬಾಯಿ ಹಂಗೇ ನಿಲ್ಸಿದಾರೆ. ತಪ್ಪಾಯ್ತು ಅನ್ನು ಎಜೋಕು, ಬಿಡ್ತಾರೆ."

"ಆ... ಆ!"

"ಒಪ್ಕೊಂಡ," ಎಂದ ಚೇರ್ಮನ್.

"ಏನು ಒಪ್ಕೊಳೋದು? ದವಡೆ ಕೀಲು ತಪ್ಪಿದೆ. ಸರೀರಿ ಆಚೆ," ಎಂದು ಒಲಿಂಗ ಎರಡೂ ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಂಡು ಎಜೋಕುವಿನ ಬಾಯೊಳಗೆ ತೂರಿಸಿದ. ನಾಲ್ಕು ಜನ ತಲೆ ಹಿಡಿದರು. ಒಲಿಂಗ ಕೆಳಕ್ಕೆ ಅದುಮಿ ಹಿಂದಕ್ಕೆ ನೂಕಿದ. ಮತ್ತೆ ಕಟ್ ಎಂದಿತು. ಎಜೋಕುವಿನ ಕಣ್ಣಲ್ಲಿ ನೀರು ಬಂತು. ದವಡೆ ತನ್ನ ಹಳೇ ಜಾಗಕ್ಕೇ, ಒಂದು ಕೂದಲೆಳೆ ಇನ್ನೂ ಮುಂದಕ್ಕೇ ಹೋಗಿ ಕೂತಿತು.

ಹಲ್ಲಿನ ಅಚ್ಚಿಗೆ ಮೇಣ ಬೇಕಿತ್ತು. ಮೇಣ ಎಲ್ಲಿಂದ ತರುವುದು? ಗೆರ್ಟ್ರೂಡಳ ಮನೆಯಲ್ಲಿದ್ದ ತಣ್ಣನೆಯ ರಾಗಿ ಮುದ್ದೆಯನ್ನೇ ಉಂಡೆ ಮಾಡಿ ಒಬ್ಬೊಬ್ಬರ ಕೈಗೂ ಕೊಟ್ಟರು. ಕಚ್ಚಿ ವಾಪಸು ಕೊಡಿ ಎಂದರೆ ಅಜ್ಜ ಕಚ್ಚಿ ನುಂಗಿಬಿಟ್ಟ. "ಮುದ್ದೆ ಬಾಯಿಗೆ ಬಂದಮೇಲೆ ಹೊರಗೆ ಹೋಗಿದ್ದು ನನ್ನ ಆಯುಸ್ಸಲ್ಲೇ ಇಲ್ಲ" ಎಂದ. ಇನ್ನೊಂದು ಅಚ್ಚನ್ನು ಕೋಳಿ ಕುಕ್ಕಿಕೊಂಡು ಹೋಯಿತು. ಚೇರ್ಮನ್ ಮುದ್ದೆಯನ್ನು ಮುಟ್ಟಲೇ ಇಲ್ಲ.

"ಚೇರ್ಮನ್ ಆದೋನು ಜನರ ಮುಂದೆ ಕಚ್ಚಿ ಉಗುಳ್ತಾನೇನೋ? ಹಲ್ಲಿನ ಸಾಕ್ಷಿ ನಾನು ಕೊಡಲ್ಲ."

"ಹಲ್ಲು ಬೇಡ ಬಿಡಿ. ತುಟಿ ಮಾದರಿಗೆ ಒಂದು ಕೊಡಿ, ಜನಕ್ಕೆ ಧೈರ್ಯ ಬರ್ಲಿ," ಎಂದ ಒಲಿಂಗ.

ತುಟಿ ಏನು ಹೇಳುತ್ತದೆ ಮಹಾ, ಕಚ್ಚುವುದು ಹಲ್ಲಲ್ಲವೇ ಎಂದು ಚೇರ್ಮನ್ನಿಗೆ ಸಮಾಧಾನವಾಯಿತು. ಗೆರ್ಟ್ರೂಡ್ ಕ್ರಿಸ್‌ಮಸ್ಸಿಗೆಂದು ಜೋಪಾನ ಮಾಡಿದ್ದ ಒಂದೇ ಒಂದು ಲಿಪ್‌ಸ್ಟಿಕ್ಕು ತಂದುಕೊಟ್ಟಳು. ಚೇರ್ಮನ್ ತುಟಿಗೆ ಬಳಿಸಿಕೊಂಡು, ಶಾಲೆಯ ನೋಟುಬುಕ್ಕಿನ ಬಿಳಿ ಹಾಳೆಯ ಮೇಲೆ ಗಂಭೀರವಾಗಿ ಒತ್ತಿದ. ಕೈ ಅಭ್ಯಾಸಬಲದಿಂದ ಜೇಬಿಗೆ ಹೋಯಿತು. ಸೀಲು ತೆಗೆದು ತುಟಿಯ ಗುರುತಿನ ಪಕ್ಕದಲ್ಲೇ ಧಡ್ಡನೆ ಕುಟ್ಟಿದ.

ಆಮೇಲೆ ಇಪ್ಪತ್ತೆರಡು ಗಂಡಸರು ಸಾಲಾಗಿ ನಿಂತರು. ಕುಡಿದು ಕೂತ ಮುದುಕರೆಲ್ಲ ತುಟಿ ಕೆಂಪು ಮಾಡಿಕೊಂಡು ಕೂತದ್ದು ಹಣ್ಣು ಬಿಟ್ಟ ಮೆಣಸಿನ ಗಿಡಗಳ ಹಾಗಿತ್ತು. ಅದೇ ಹೊತ್ತಿಗೆ ರಸ್ತೆಯಲ್ಲಿ ಸೈಕಲ್ ಮೇಲೆ ಬಂದ ಚರ್ಚಿನ ಉಪದೇಶಿ ಒಮ್ಮೆ ಇತ್ತ ನೋಡಿದ, ಇನ್ನೊಮ್ಮೆ ನೋಡಿದ, ಮೂರನೇ ಸಲ ನೋಡುವಾಗ ಚರಂಡಿಯಲ್ಲಿದ್ದ.

ಕೊನೆಗೆ ಎಜೋಕುವಿನ ಸರದಿ. ಅವನು ತುಟಿಯನ್ನು ಒಳಕ್ಕೆ ಮಡಚಿಕೊಂಡ, ಸೊಟ್ಟ ಮಾಡಿದ, ಉಬ್ಬಿಸಿದ.

"ನೆಟ್ಟಗೆ ಒತ್ತೋ. ಮುತ್ತು ಕೊಟ್ಟ ಹಾಗೆ!"

"ಯಾರಿಗೆ?"

"ನಂಗಲ್ಲ, ಹಾಳೆಗೆ!"

ಆಗ ಜನರ ನಡುವಿನಿಂದ ಅವನ ಹೆಂಡತಿ ಅಸಿಯೊ ಮುಂದೆ ಬಂದಳು. ಬೆನ್ನಿಗೆ ಮಗು, ಕೈಯಲ್ಲಿ ಆಗಲೇ ಕಟ್ಟಿದ ಬಟ್ಟೆಯ ಗಂಟು. ಅತ್ತು ಕಣ್ಣು ಕೆಂಪಾಗಿತ್ತು.

"ನಿಜವಾದ ಬಾಯಿ ಒತ್ತಿ ಮಗೀನಪ್ಪ. ನಿಮ್ದೇ ಅಂತ ಬಂದ್ರೆ ಹೋಗ್ತೀನಿ. ಹೋರಿ ಸಿಗೋವರ್ಗೂ ಕಾಯ್ತೀನಿ. ಸುಳ್ಳು ಬಾಯಿ ಒತ್ತಿದ ಗಂಡ ಅಂತ ಮಾತ್ರ ನಂಗೆ ಬೇಡ."

ಎಜೋಕು ಅವಳನ್ನು ನೋಡಿದ. ಬೆನ್ನ ಮೇಲಿನ ಮಗುವಿನ ಗದ್ದ ನೋಡಿದ. ಆಗಲೇ ಸ್ವಲ್ಪ ಮುಂದಿತ್ತು. ಅವನು ತಗ್ಗಿ ತುಟಿಯನ್ನು ಇದ್ದ ಹಾಗೇ ಹಾಳೆಗೆ ಒತ್ತಿದ. ಮುದ್ದೆಯನ್ನೂ ಇದ್ದ ಹಾಗೇ ಕಚ್ಚಿದ.

ಅಚೋಮ್ ಒಂದು ಹಾಳೆ ಒಯ್ದು ಅತ್ತೆಯ ತುಟಿಯದ್ದೂ ಒತ್ತಿಸಿಕೊಂಡು ಬಂದಳು. ಒಲಿಂಗ ಹುಣಸೇಮರದ ನೆರಳಿನಲ್ಲಿ ಹಾಳೆಗಳನ್ನು ಹರಡಿಕೊಂಡು, ಭೂತಗನ್ನಡಿ ಹಿಡಿದು ಬೋರಲಾಗಿ ಮಲಗಿದ. ಒಂದು ತಾಸು ಕಳೆಯಿತು. ಎರಡಾಯಿತು. ಗೆರ್ಟ್ರೂಡ್ ಮೂರನೇ ಗಡಿಗೆ ತೆಗೆದಳು. ಎಜೋಕು ಬೆವರಿ ನೆಂದುಹೋಗಿದ್ದ.

ಕೊನೆಗೆ ಒಲಿಂಗ ಎದ್ದು ಬಂದ.

"ಹಲ್ಲು ಎಜೋಕುದ್ದಲ್ಲ. ಕೊಳವೆ ಕಚ್ಚಿದೋನಿಗೆ ಮೇಲಿನ ಹಲ್ಲು ಮುಂದಿದೆ. ಎಜೋಕು ಏಳು ಜನ್ಮ ಎತ್ತಿದ್ರೂ ಹಂಗೆ ಕಚ್ಚಕ್ಕಾಗಲ್ಲ. ತುಟೀನೂ ಅವನದ್ದಲ್ಲ."

ಅಸಿಯೊಳ ಕೈಯಿಂದ ಗಂಟು ಜಾರಿ ಬಿತ್ತು. ಎಜೋಕು ಹುಟ್ಟಿದಂದಿನಿಂದ ಶಾಪ ಹಾಕುತ್ತ ಬಂದಿದ್ದ ದವಡೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನೆಲದ ಮೇಲೆ ಕುಸಿದು ಕೂತ.

"ಹಂಗಾದ್ರೆ ನನ್ನ ಕೊಳವೆ ಎಲ್ಲಿ?" ಎಂದ ಉಸಿರು ಬಂದ ಮೇಲೆ.

"ನನ್ನ ಮನೆ ಮೇಲೆ," ಎಂದಳು ಗೆರ್ಟ್ರೂಡ್, ಸೌಟು ತೊಳೆಯುತ್ತ. "ಮೊನ್ನೆ ನೀನೇ ಎಸೆದ್ಯಲ್ಲ, ಮಗ ಹುಟ್ಟಿದಾನೆ, ಇನ್ನು ಕುಡಿಯಲ್ಲ ಅಂತ. ಹುಲ್ಲಿಗೆ ಸಿಕ್ಕೊಂಡಿದೆ ನೋಡು."

"ಬೆಳಿಗ್ಗೆನೇ ಹೇಳೋದಲ್ವೇನೇ?"

"ಬೆಳಿಗ್ಗೆ ಹೇಳಿದ್ರೆ ಇಷ್ಟು ಜನ ಸೇರ್ತಿದ್ರಾ? ನನ್ನ ಹತ್ರ ಎಲ್ರೂ ಲಿಪ್‌ಸ್ಟಿಕ್ ಕೇಳಿದ್ರು, ಮುದ್ದೆ ಕೇಳಿದ್ರು. ಕೊಳವೆ ಯಾರು ಕೇಳಿದ್ರು?"

ಎಜೋಕು ಬೈಯಲು ಬಾಯಿ ತೆರೆದ. ಒಲಿಂಗ ಕೈಯೆತ್ತಿ ತಡೆದ.

"ಇನ್ನೂ ಮುಗೀಲಿಲ್ಲ. ಕೊಳವೆ ಮೇಲೆ ಎರಡು ತುಟಿ ಇದೆ. ಒಂದು ಅಕುರುಟಮ್ಮಂದು, ಅದರಲ್ಲಿ ಅನುಮಾನವೇ ಇಲ್ಲ. ಇನ್ನೊಂದಕ್ಕೆ ಕೆಳತುಟೀಲಿ ನದಿ ಕವಲೊಡೆದ ಹಾಗೆ ಒಂದು ಗೆರೆ ಇದೆ. ಅಂಥ ಗೆರೆ ಈ ಹಾಳೆಗಳಲ್ಲಿ ಒಂದರಲ್ಲೇ ಇರೋದು. ನಾನು ಹೆಸರು ಬರ್ದಿಲ್ಲ, ನಂಬರ್ ಬರ್ದಿದೀನಿ. ಒಂದನೇ ನಂಬರ್ ಯಾರಪ್ಪ?"

ಒಲಿಂಗ ಹಾಳೆ ಎತ್ತಿ ತೋರಿಸಿದ. ಕೆಂಪು ತುಟಿಯ ಪಕ್ಕದಲ್ಲಿ ಸಮಿತಿಯ ಸೀಲು ದುಂಡಗೆ ನಗುತ್ತಿತ್ತು.

"ಆ ಸೀಲು ಖೋಟಾ!" ಎಂದು ಚೇರ್ಮನ್ ಗರ್ಜಿಸಿದ.

"ಊರ ಜಮೀನಿಗೆಲ್ಲಾ ಅದೇ ಸೀಲು ಬಿದ್ದಿದೆ ಚೇರ್ಮನ್ರೇ. ಅದು ಖೋಟಾ ಆದ್ರೆ ನಾವೆಲ್ಲಾ ಈವತ್ತೇ ಗಂಟು ಕಟ್ಬೇಕು," ಎಂದ ಅಜ್ಜ.

ಎಜೋಕುವಿಗೆ ಆಗ ನೆನಪಾಯಿತು. "ನಿಮ್ಮ ಕೊಳವೆಗೆ ಹೋದ ತಿಂಗಳು ಟ್ಯೂಬು ಸುತ್ಕೊಟ್ಟಿದ್ದು ನಾನೇ!"

ಚೇರ್ಮನ್ ಟೋಪಿ ತೆಗೆದು ನೆಲಕ್ಕೆ ಬಡಿದ. "ಹೌದು ಕಣ್ರೋ! ನಂದೇ! ಹೆಂಡ್ತಿ ಸತ್ತು ಆರು ವರ್ಷ ಆಯ್ತು, ನಾನೇನು ಕಲ್ಲೇ? ಈ ಅಚೋಮ್ ಮನೆಮನೆ ಸುದ್ದಿ ಹಂಚೋಕೆ ಹೋದಾಗೆಲ್ಲಾ ಹಿಂದಿನ ಬೇಲಿ ದಾಟಿ ಹೋಗಿದೀನಿ. ನಿನ್ನೆ ಇವಳು ಬೇಗ ಬಂದುಬಿಟ್ಲು, ಕೊಳವೆ ಬಿಟ್ಟು ಓಡ್ದೆ. ಅದಕ್ಕೀಗ ಏನಂತೀರಿ?"

"ನನ್ನ ಮನೇಲೇ? ನಂಗೇ ಗೊತ್ತಾಗದ ಹಾಗೆ?" ಎಂದು ಅಚೋಮ್ ಬಾಯಿ ಬಾಯಿ ಬಡಿದುಕೊಂಡಳು. ಮಾನ ಹೋದದ್ದು ಯಾರದ್ದೋ, ಅತ್ತವಳು ಅವಳು.

ಅಜ್ಜ ನಿಧಾನವಾಗಿ ಹೇಳಿದ: "ಆಕೆ ವಿಧವೆ, ಇವನು ವಿಧುರ. ಒಂದು ಕೊಳವೆ ಹೀರಿಯಾಯ್ತು. ಇನ್ನು ನಾವು ಕೂಡಿಸೋದೇನಿದೆ? ಹಸು ಹೊಡ್ಕೊಂಡು ಹೋಗಿ ಆಕೆ ಅಣ್ಣತಮ್ಮಂದಿರಿಗೆ ಒಪ್ಸು ಒಮಗೋರ್. ಊರು ಒಪ್ಪುತ್ತೆ."

ಊರು ಒಪ್ಪಿತು. ಹೆಂಗಸರು ಕೇಕೆ ಹಾಕಿದರು. ಅಸಿಯೊ ಕೆಳಗೆ ಬಿದ್ದ ಗಂಟು ಬಿಚ್ಚಿ ಮಗುವಿನ ಬಟ್ಟೆ ಕೊಡವಿದಳು. "ಅವ್ವ ಇನ್ಮೇಲೆ ಇಲ್ಲೇ ಇರ್ತಾಳೆ ಮಗೀನಪ್ಪ! ದಿನಾ ಮಗು ನೋಡ್ಕೊತಾಳೆ!" ಎಂದು ನಕ್ಕಳು. ಯಾರೋ ಮನೆ ಮೇಲಿಂದ ಎಜೋಕುವಿನ ಕೊಳವೆ ಇಳಿಸಿಕೊಟ್ಟರು. ಅವನೂ ನಕ್ಕ. ಬೆಳಗಿನಿಂದ ಮೊದಲ ಸಲ ನಕ್ಕ. ಗಡಿಗೆಯ ಪಕ್ಕ ತನ್ನ ಜಾಗದಲ್ಲಿ ಕೂತು, ಕೊಳವೆ ಇಳಿಬಿಟ್ಟು, ನೋಯುವ ದವಡೆಯಿಂದ ಜೋಪಾನವಾಗಿ ತುದಿ ಕಚ್ಚಿದ.

"ಬಾರೋ ಅಳಿಯ, ಈ ಕಡೆ ಸರಿ," ಎಂದ ಚೇರ್ಮನ್, ಪಕ್ಕದಲ್ಲಿ ಜಾಗ ಮಾಡುತ್ತ. "ಇನ್ಮೇಲೆ ನಿನ್ನತ್ತೆ ಇಲ್ಲಿ ಕೂರೋಳು."

ಎಜೋಕುವಿನ ನಗು ತುಟಿಯ ಮೇಲೇ ನಿಂತಿತು.

"ಇಲ್ಲಿ?"

"ಮತ್ತೆಲ್ಲಿ? ಚೇರ್ಮನ್ ಹೆಂಡ್ತಿ ಚೇರ್ಮನ್ ಪಕ್ಕ ಕೂರದೆ ಮೇಕೆ ದೊಡ್ಡೀಲಿ ಕೂರ್ತಾಳಾ? ದಿನಾ ಬರ್ತಾಳೆ. ಹೆಂಡದ ರುಚಿ ನಿನಗಿಂತ ಚೆನ್ನಾಗಿ ಗೊತ್ತು."

ಎಜೋಕು ತಲೆ ತಿರುಗಿಸಿ ಹುಣಸೇಮರ ನೋಡಿದ. ಅದರ ಹಿಂದಿದ್ದ ಚೇರ್ಮನ್ ಮನೆ ಬಾಗಿಲು ನೋಡಿದ. ಅಲ್ಲಿಂದ ಬೋರ್‌ವೆಲ್ಲಿಗೆ ಹೋಗುವ ದಾರಿ ಅವನ ಮನೆ ಅಂಗಳವನ್ನು ಹಾದೇ ಹೋಗುತ್ತಿತ್ತು. ಅಂಗಡಿ, ಮನೆ, ನೀರು, ಹೆಂಡ, ಎಲ್ಲ ಕಡೆ ಅತ್ತೆ. ಊರಿನ ಇಕ್ಕೆಲದಲ್ಲೂ ಜೋಳದ ಹೊಲವಿತ್ತು, ನಿಜ. ಆದರೆ ಅದೂ ವರ್ಷಕ್ಕೆ ನಾಲ್ಕು ತಿಂಗಳು ಮಾತ್ರ ಆಳೆತ್ತರ ಇರುವುದು.

"ಹೋರಿ ಕೊಡೋದೇ ಸುಲಭ ಇತ್ತಲ್ಲ ಅಜ್ಜ," ಎಂದ ಮೆಲ್ಲಗೆ.

ಗುಡಿಸಲಿನ ಕಡೆಯಿಂದ ಅಚೋಮ್ ಅಳು ನಿಲ್ಲಿಸಿ ಕೂಗಿದಳು: "ದಾರಿ ಬಿಡ್ರೀ! ಅಕುರುಟಮ್ಮ ಬರ್ತಿದಾರೆ!"

ಇಪ್ಪತ್ತೆರಡು ಜೊತೆ ಕೆಂಪು ತುಟಿಗಳು ಒಟ್ಟಿಗೇ ಎಜೋಕುವಿನ ಕಡೆ ತಿರುಗಿದವು.

ಅವನು ಇನ್ನೂ ಒಂದು ಗುಟುಕೂ ಎಳೆದಿರಲಿಲ್ಲ. ಎದ್ದ. ಮುಂದಿನ ದಾರಿಯಲ್ಲಿ ಹಳದಿ ಸೀರೆಯಂಥ ಉಡುಪಿನ ಅಂಚು ಕಾಣುತ್ತಿತ್ತು. ತಲೆ ತಗ್ಗಿಸಿಕೊಂಡು ಹಿಂದಿನ ಮುಳ್ಳುಬೇಲಿಯ ಕಂಡಿಯಲ್ಲಿ ನುಸುಳಿ, ಅಂಗಿಯ ಒಂದು ತುಂಡನ್ನು ಮುಳ್ಳಿಗೆ ಬಿಟ್ಟು, ಹೊರಟುಹೋದ.

ಅವನು ಬಿಟ್ಟುಹೋದ ಕೊಳವೆ ಗಡಿಗೆಯಲ್ಲಿ ಸ್ವಲ್ಪ ಹೊತ್ತು ಅಲ್ಲಾಡಿ ನಿಂತಿತು. ಆಮೇಲೆ ಆ ಗಡಿಗೆಯ ಮುಂದೆ ಅವನನ್ನು ಯಾರೂ ಕಾಣಲಿಲ್ಲ.